ನಡುಗಡ್ಡೆಯ ಪಾಲು

ಬಸ್ಸು ಬೀದರದ ಕೆಂಪು ನೆಲ ಬಿಟ್ಟು ಇಳಿಜಾರಿಗೆ ಬರುವಷ್ಟರಲ್ಲಿ ಸುಜಾತಾ ಆ ಮಾತನ್ನು ಮನಸ್ಸಿನೊಳಗೆ ಹತ್ತು ಸಲವಾದರೂ ಹೇಳಿಕೊಂಡಿದ್ದಳು. ‘ತೆಂಕಲದು ನನಗಿರ್ಲಿ ಅಕ್ಕಾ, ಬಡಗಲದು ನಿಮಗ.’ ಇಷ್ಟೇ. ಇಷ್ಟು ಹೇಳುವುದಕ್ಕೆ ಔರಾದಿನ ತನಕ ಹೋಗಬೇಕೇನು, ಫೋನಿಲ್ಲವೇನು ಎಂದು ಗಂಡ ಶಿವಕಾಂತ ಕೇಳಿದ್ದ. ಕೇಳುವುದಕ್ಕೇನು, ಬಾಯಿ ಅವನದು. ಆರು ವರ್ಷದಿಂದ ಮಾತು ಬಿಟ್ಟ ನೆಗೆಣ್ಣಿಗೆ, ಅವನ ಅಣ್ಣನ ಹೆಂಡತಿಗೆ, ಫೋನಿನಲ್ಲಿ ಮೊದಲ ಶಬ್ದ ಯಾವುದನ್ನು ಆಡಬೇಕು ಎಂಬುದನ್ನು ಮಾತ್ರ ಅವನು ಹೇಳಿಕೊಡಲಿಲ್ಲ. ಕಿಟಕಿಯ ಗಾಜು ಗಡಗಡ ಅಲುಗುತ್ತಿತ್ತು. ಕೆಂಪು ಮಣ್ಣು ತೆಳುವಾಗುತ್ತ, ಬೂದಿ ಬಣ್ಣಕ್ಕೆ ತಿರುಗುತ್ತ, ಒಂದು ತಿರುವಿನಲ್ಲಿ ಯಾರೋ ಗೆರೆ ಎಳೆದ ಹಾಗೆ ಮುಗಿದುಹೋಗಿ ಕಪ್ಪು ಎರೆ ಶುರುವಾಯಿತು. ಮದುವೆಯಾದ ಇಪ್ಪತ್ತಾರು ವರ್ಷದಲ್ಲಿ ಬೀದರದ ತವರಿಗೆ ಹೋಗಿ ಬರುತ್ತ ಈ ತಿರುವನ್ನು ಎಷ್ಟು ಸಲ ದಾಟಿದ್ದಳೋ ಲೆಕ್ಕವಿಲ್ಲ. ಇವತ್ತು ಮಾತ್ರ ದಡ ಬಿಟ್ಟು ನೀರಿಗಿಳಿದಂತೆ ಅನಿಸಿತು. ಕಡಲನ್ನು ಅವಳು ಕಂಡಿರಲಿಲ್ಲ. ಇನ್ನು ಎರಡು ತಿಂಗಳಿಗೆ ಕಾಣಲಿದ್ದಳು.

ಕಾಣಿಸುವವರು ಬೀಜ, ಔಷಧದ ಕಂಪನಿಯವರು. ಅಣ್ಣ ತಮ್ಮ ಬೇರೆಯಾದಾಗ ಹಲಬರ್ಗಾದ ಹೊಲ ಎರಡಾಯಿತು, ಮನೆ ಎರಡಾಯಿತು, ತಾಮ್ರದ ಹಂಡೆ ಒಬ್ಬರಿಗೆ ಬಂದು ಅದರ ಮುಚ್ಚಳ ಇನ್ನೊಬ್ಬರಿಗೆ ಹೋಯಿತು. ಆದರೆ ಅಂಗಡಿಯ ಲೈಸೆನ್ಸು ಜಂಟಿಯಾಗಿಯೇ ಉಳಿಯಿತು. ಭಾಲ್ಕಿಯಲ್ಲಿ ಶಿವಕಾಂತ ಮಾರಿದ ಸೋಯಾ ಬೀಜವೂ ಔರಾದಿನಲ್ಲಿ ಅಣ್ಣ ದತ್ತಾತ್ರಿ ಮಾರಿದ ತೊಗರಿ ಬೀಜವೂ ಕಂಪನಿಯ ಕಣ್ಣಿಗೆ ಒಂದೇ ಮನೆಯವು. ಮೆಚ್ಚಿ, ಬಾಲಿ ಎಂಬ ನಡುಗಡ್ಡೆಗೆ ಎರಡು ಟಿಕೆಟ್ಟು ಕೊಟ್ಟರು. ಮನೆಗೊಂದು ಬಂತು. ಅಣ್ಣ ತಮ್ಮ ಇಬ್ಬರೂ ಕೂಡಿ ಹೋದರೆ ವಿಮಾನದೊಳಗೂ ಬದು ಹಾಕಿಸಿಯಾರು ಎಂದು ಭಾಲ್ಕಿಯ ಬಜಾರಿನಲ್ಲಿ ಜನ ನಕ್ಕರು. ಹೆಂಗಸರೇ ಹೋಗಿ ಬರಲಿ, ರಜೆ ಅಂದರೇನು ಅವರಿಗೂ ಗೊತ್ತಾಗಲಿ ಎಂದು ಇಬ್ಬರೂ ಬೇರೆ ಬೇರೆ ಊರಿನಲ್ಲಿ ಕೂತು ಒಂದೇ ಮಾತು ಆಡಿದರು. ಆರು ವರ್ಷದಲ್ಲಿ ಅವರಿಬ್ಬರೂ ಒಪ್ಪಿದ್ದು ಅದೊಂದೇ.

ಟೂರಿನ ಏರ್ಪಾಟು ನೋಡುವ ಫಿರೋಜ ಬೀದರದ ತನ್ನ ಅಂಗಡಿಯಲ್ಲಿ ನಕಾಶೆ ಹಾಸಿ ತೋರಿಸಿದ್ದ. ನಡುವೆ ಬೆಂಕಿ ಬೆಟ್ಟ, ಇನ್ನೂ ಒಳಗೊಳಗೆ ಕುದಿಯುತ್ತಿರುವುದು. ತೆಂಕಣಕ್ಕೆ ಬಿಳಿ ಉಸುಕು, ದೊಡ್ಡ ಹೋಟೆಲು, ಜನ. ಬಡಗಣಕ್ಕೆ ಬೆಟ್ಟ ಉಗುಳಿದ ಕಪ್ಪು ಉಸುಕು, ಸಣ್ಣ ಊರು, ತಣ್ಣಗಿನ ಕಡಲು. “ಮೊದಲ ಎರಡು ದಿನ ಎಲ್ಲಾರೂ ಕೂಡೇ ಇರ್ತಾರ್ರಿ ಭಾಬಿ. ಆಮ್ಯಾಲ ಆರು ದಿನ ನಿಮ್ಮ ಮರ್ಜಿ. ಭಾಳ ಮಂದಿ ಮೂರು ದಿನ ಇಕಡಿ, ಮೂರು ದಿನ ಆಕಡಿ ಹಂಚ್ಕೋತಾರ. ಒಂದು ಖೋಲಿ ಸಾಕಲ್ರಿ ಇಬ್ಬರಿಗೂ?” ಎಂದು ಅವನು ಕೇಳಿದಾಗ ಶಿವಕಾಂತ, “ಬ್ಯಾರೆ ಬ್ಯಾರೆ ಹಾಕಪಾ. ಒಬ್ಬರು ಆರೂ ದಿನ ಆಕಡಿ, ಒಬ್ಬರು ಆರೂ ದಿನ ಈಕಡಿ” ಅಂದ. ಫಿರೋಜನ ಪೆನ್ನು ನಿಂತಿತು. ಅವನು ನಗಲಿಲ್ಲ, ನಕ್ಕಿದ್ದರೆ ಚಲೋ ಇತ್ತು. ಅಷ್ಟು ದೂರ ಸಮುದ್ರ ದಾಟಿ ಹೋಗಿ, ಗುರುತಿಲ್ಲದ ಗುಡ್ಡವೊಂದನ್ನು ನಡುವೆ ಬದುವಾಗಿ ಇಟ್ಟುಕೊಂಡು ಕೂರುವ ಎರಡು ಹೆಂಗಸರನ್ನು ಅವನು ಮನಸ್ಸಿನಲ್ಲಿ ಕಾಣುತ್ತಿದ್ದಾನೆ ಅನಿಸಿ ಸುಜಾತಾ ತನ್ನ ಚಪ್ಪಲಿ ನೋಡಿಕೊಂಡಳು. ಅದಕ್ಕಿಂತ ನಾಲ್ಕು ದಿನ ಮೊದಲು ಪಾಸ್‌ಪೋರ್ಟಿನ ಫೋಟೋ ತೆಗೆಯುವವನು, “ಕಿವಿ ಕಾಣಬೇಕ್ರಿ, ಸೆರಗು ತೆಗೀರಿ” ಅಂದಾಗಲೂ ಹೀಗೇ ಆಗಿತ್ತು. ಮುಚ್ಚಿಟ್ಟದ್ದೇನೋ ಒಂದು ಬೆಳಕಿಗೆ ಬಂದ ಹಾಗೆ. ಫೋಟೋದಲ್ಲಿ ಅವಳ ಮುಖ ತಪ್ಪು ಒಪ್ಪಿಕೊಂಡವಳ ಮುಖದಂತೆ ಬಂದಿತ್ತು.

ಯಾರಿಗೆ ಯಾವ ಕಡೆ ಎಂಬುದನ್ನು ಇವತ್ತು ಸಂಜೆ ಐದರೊಳಗೆ ಫಿರೋಜನಿಗೆ ತಿಳಿಸಬೇಕು. ಆ ಮನೆತನದಲ್ಲಿ ಪಾಲಿಗೆ ಒಂದು ರೂಢಿಯಿದೆ. ಹಿರಿಯರು ಪಾಲು ಮಾಡಬೇಕು, ಕಿರಿಯರು ಮೊದಲು ಆರಿಸಬೇಕು. ಮಾಡಿದವರಿಗೆ ಉಳಿದದ್ದೇ ಗತಿಯಾದ್ದರಿಂದ ಪಾಲು ಸಮ ಬೀಳುತ್ತದೆ ಎಂಬುದು ಅದರ ಯುಕ್ತಿ. ನಿನ್ನೆ ದತ್ತಾತ್ರಿ ಫೋನಿನಲ್ಲಿ ಹೆಂಡತಿಯ ಮಾತನ್ನು ಹಾಗೆಯೇ ಒಪ್ಪಿಸಿದ್ದ: “ದೊಡ್ಡಾಕಿ ನಾ, ಪಾಲು ನಾ ಮಾಡಿ ಇಡ್ತೇನಿ. ಆರಸೋದು ಅಕಿ ಬಂದು ಆರಸ್ಲಿ ಅಂತಾಳ.” ಅಕಿ ಬಂದು. ಆ ಎರಡು ಶಬ್ದ ಸುಜಾತಾಳನ್ನು ರಾತ್ರಿಯೆಲ್ಲ ಹೊರಳಾಡಿಸಿದವು. ಕರೆದದ್ದೋ, ಕುಕ್ಕಿದ್ದೋ ತಿಳಿಯಲಿಲ್ಲ.

ಹಲಬರ್ಗಾ ಬಂತು. ಬಸ್ಸು ನಿಂತು ಯಾರೋ ಕಡಲೆಯ ಗಿಡದ ಕಟ್ಟು ಹತ್ತಿಸಿಕೊಳ್ಳುತ್ತಿರುವಾಗ ಅವಳು ಬೇಡ ಬೇಡವೆಂದರೂ ಕುತ್ತಿಗೆ ಹೊರಳಿತು. ರಸ್ತೆಯಿಂದಲೇ ಕಾಣುತ್ತದೆ ಹೊಲ. ನಡುವೆ ಹೊಸ ಬದು, ಆರು ವರ್ಷಕ್ಕೆ ಅದರ ಮೇಲೂ ಹುಲ್ಲು ಹುಟ್ಟಿ ಹಳೆಯದರಂತಾಗಿದೆ. ಬಡಗಲ ತುದಿಯಲ್ಲಿ ಬಾವಿ, ಬಾವಿಯಾಚೆ ಬೇವಿನ ಮರ. ಮರದ ಬುಡದಲ್ಲಿ ನೆಗೆಣ್ಣಿ ಚಂದ್ರಭಾಗಾಳ ಎಂಟು ದಿನದ ಹೆಣ್ಣು ಕೂಸನ್ನು ಮಣ್ಣು ಮಾಡಿದ್ದರು. ಹೆಸರಿಡುವ ಮೊದಲೇ ಹೋದ ಕೂಸು. ಸುಜಾತಾ ಆಗ ಹೊಸ ಮದುಮಗಳು, ಕೈಯ ಹಸಿರು ಬಳೆ ಇನ್ನೂ ಒಡೆದಿರಲಿಲ್ಲ. ಎಳ್ಳಮವಾಸ್ಯೆಯ ದಿನ ಅಂಬಲಿಯ ಗಡಿಗೆ ಹೊತ್ತು ಹೊಲಕ್ಕೆ ಹೋದಾಗ ಚಂದ್ರಭಾಗಾ ಭೂಮಿತಾಯಿಯ ಎಡೆಯಾದ ಚರಗದ ಬುಟ್ಟಿ ಅವಳ ಕೈಗೆ ಕೊಟ್ಟು ಕಲಿಸಿದ್ದಳು: “ನಾಕೂ ದಿಕ್ಕಿಗಿ ಚೆಲ್ಲಬೇಕು ನೋಡು. ಒಂದು ದಿಕ್ಕು ಬಿಟ್ಟರ ಆ ದಿಕ್ಕು ಉಪಾಸ ಇರ್ತದ.” ಬಡಗಲ ಬದುವಿಗೆ ಬಂದಾಗ ಮಾತ್ರ ತಾನೇ ಬುಟ್ಟಿಗೆ ಕೈ ಹಾಕಿ, ಎರಡು ಹಿಡಿ ಹೆಚ್ಚು ಚೆಲ್ಲಿ, ಸೆರಗಿನಿಂದ ಮೂಗು ಒರೆಸಿಕೊಂಡು ಮುಂದೆ ನಡೆದಿದ್ದಳು. ಪಾಲಾದ ಮೇಲೆ ಸುಜಾತಾ ಮೂರೇ ದಿಕ್ಕಿಗೆ ಚೆಲ್ಲುತ್ತ ಬಂದಿದ್ದಾಳೆ. ಬಾವಿಯ ತನಕ ಹೋಗುತ್ತಾಳೆ, ಅಲ್ಲಿಂದಾಚೆ ಕಾಲು ಏಳುವುದಿಲ್ಲ. ಮೊನ್ನೆಯ ಅಮಾವಾಸ್ಯೆಗೂ ಏಳಲಿಲ್ಲ. ಉಳಿದ ಚರಗವನ್ನು ಯಾರೂ ನೋಡದ ಹಾಗೆ ದನಕ್ಕೆ ಹಾಕಿದ್ದಳು.

ಬಸ್ಸು ಹೊರಟಿತು, ಆದರೆ ಅವಳು ಹಲಬರ್ಗಾದ ಹಳೆಯ ಅಡಿಗೆಮನೆಯಲ್ಲೇ ಇದ್ದಳು. ಒಲೆಯ ಮುಂದೆ ಚಂದ್ರಭಾಗಾ ಕಟ್ಟಿಗೆ ಒಳಗೆ ತಳ್ಳುತ್ತಿದ್ದಾಳೆ, ಸುಜಾತಾ ರೊಟ್ಟಿ ಬಡಿಯುತ್ತಿದ್ದಾಳೆ, ಹೊರಗೆ ಪಡಸಾಲೆಯಲ್ಲಿ ಹೊಲದ ಪಾಲಿಗೆಂದು ಪಂಚರು ಕೂತಿದ್ದಾರೆ. ಚಂದ್ರಭಾಗಾ ಬೆಂಕಿಯ ಕಡೆ ಮುಖ ಮಾಡಿಕೊಂಡೇ ಅಂದಳು: “ಸುಜಾತಾ, ಬಡಗಲದು ನನಗ ಬಿಡು. ಬಾವಿ ನೀರು ನೀವೇ ಹಾಯಿಸ್ಕೋರಿ, ನಾ ಬ್ಯಾಡ ಅನ್ನಂಗಿಲ್ಲ. ಅಲ್ಲಿ ನನ್ನ ಕೂಸು ಅದ.” ಸುಜಾತಾ “ಆಯ್ತ್ರಿ ಅಕ್ಕಾ” ಅಂದಳು. ಅಂದ ಕೂಡಲೇ ಕೈಯೊಳಗಿನ ರೊಟ್ಟಿ ನಡುವೆ ಹರಿಯಿತು. ಆಮೇಲೆ ಪಡಸಾಲೆಯಲ್ಲಿ, ಹೊಲ ಅಳೆದ ಮುಜೀಬೋದ್ದೀನ ಚಾಚಾ ಎರಡೂ ಪಾಲು ಓದಿ ಹೇಳಿದರು. ಆರಿಸುವ ಮೊದಲು ಶಿವಕಾಂತ ಬಾಗಿಲ ಮರೆಯಲ್ಲಿ ನಿಂತ ಹೆಂಡತಿಯ ಕಡೆ ಒಂದು ಸಲ ನೋಡಿದ. ಅವಳು ತಲೆ ಅಲ್ಲಾಡಿಸಬೇಕಿತ್ತು, ಅಷ್ಟೇ ಸಾಕಿತ್ತು. ಅವಳು ನೆಲ ನೋಡಿದಳು. “ಬಡಗಲದು” ಅಂದ ಶಿವಕಾಂತ. ಗಂಡಸರ ನಡುವೆ ಬಾಯಿ ಬಿಡುವುದು ಹೇಗೆಂದು ಹೆದರಿದೆ ಎಂದು ಆರು ವರ್ಷ ತನಗೆ ತಾನೇ ಹೇಳಿಕೊಂಡಳು. ಅದು ನಿಜ. ಆದರೆ ಬಾವಿಯ ಆಸೆಯೂ ಇತ್ತು, ಅದೂ ನಿಜ. ನೀರಿದ್ದ ಹೊಲದ ಒಡತಿ ಅನಿಸಿಕೊಳ್ಳಬೇಕೆಂದಿತ್ತು. ಚಂದ್ರಭಾಗಾ ಅತ್ತಿಲ್ಲ, ಬೈದಿಲ್ಲ. ಮುಚ್ಚಳ ಬಿಟ್ಟು ಹಂಡೆ ಹೊತ್ತುಕೊಂಡು ಔರಾದಿನ ಟೆಂಪೋ ಹತ್ತಿದಳು.

ಬೀದರದಿಂದ ಔರಾದಿಗೆ ನೇರ ಬಸ್ಸಿದ್ದರೂ ಭಾಲ್ಕಿಯ ಮೇಲೆ ಹೋಗು ಎಂದು ಗಂಡ ಹೇಳಿದ್ದ, ಅಲ್ಲಿ ಬಸ್ಸು ಬದಲಿಸಬೇಕು. ಶಿವಕಾಂತ ಅಂಗಡಿಯಿಂದ ಸ್ಟ್ಯಾಂಡಿಗೆ ಬಂದಿದ್ದ. ಅಂಗಿಗೆ ಗೊಬ್ಬರದ ವಾಸನೆ, ಕೈಯಲ್ಲಿ ಒಂದು ಸೇರು ಪೇಢೆ.

“ಅಣ್ಣನ ಮನೀಗಿ ಖಾಲಿ ಕೈಲೆ ಹೋಗಬ್ಯಾಡ” ಎಂದು ಪೊಟ್ಟಣ ಕೊಟ್ಟ. “ಮತ್ತ ಏನು ಆರಸ್ಬೇಕು ನೆನಪದ ಅಲ್ಲ?”

“ತೆಂಕಲದು.”

“ಹಾಂ. ದೊಡ್ಡ ದೊಡ್ಡ ಡೀಲರ್‌ರ ಹೆಂಡಂದಿರು ಎಲ್ಲಾ ಅಲ್ಲೇ ಇರ್ತಾರ. ಗುರ್ತು ಪರಿಚಯ ಆಗ್ತದ. ಆ ಕರೀ ಉಸುಕು ನೋಡಾಕ ಬಾಲಿಗೇ ಹೋಗಬೇಕೇನು, ನಮ್ಮ ಎರಿ ಹೊಲ ಇಲ್ಲೇನು?” ತನ್ನ ಮಾತಿಗೆ ತಾನೇ ನಕ್ಕು ದನಿ ತಗ್ಗಿಸಿದ. “ಅವತ್ತೂ ನೀ ಸುಮ್ಮ ನಿಂತಿದ್ದಕ್ಕ ಛಲೋ ಆತು. ಇವತ್ತೂ ಜಾಸ್ತಿ ಮಾತಾಡಬ್ಯಾಡ. ಆರಸು, ಊಟ ಮಾಡು, ಬಾ.”

ಅವನು ಒಳ್ಳೆಯವನೇ. ಕೂಸಿಗಾಗಿ ಅಕ್ಕ ಬಡಗಲದು ಕೇಳಿದ ಮಾತು ಅವನಿಗೆ ಅವಳು ಹೇಳಿರಲಿಲ್ಲ. ಹೇಳಿದ್ದರೆ ಬಿಡುತ್ತಿದ್ದನೋ ಏನೋ ಎಂಬ ಸಂಶಯವೇ ಅವಳನ್ನು ಹೆಚ್ಚು ಸುಡುತ್ತಿತ್ತು. ಬಿಡುವುದಿಲ್ಲ ಎಂದು ಗೊತ್ತಿದ್ದರೆ ತಪ್ಪು ಅವನದಾಗುತ್ತಿತ್ತು. ಅವಳು ಮನಸ್ಸಿನಲ್ಲೇ ನಕ್ಕಳು, ಆ ನಗು ಸ್ವಲ್ಪ ಕಹಿಯಾಗಿತ್ತು. ಗಂಡ ಹೇಳಿದ್ದೂ ತೆಂಕಲದು, ತಾನು ಪ್ರಾಯಶ್ಚಿತ್ತಕ್ಕೆಂದು ಆರಿಸಹೊರಟದ್ದೂ ತೆಂಕಲದು. ಕಪ್ಪು ಉಸುಕು ಅಕ್ಕನಿಗೆ ಸೇರಲಿ. ಬಡಗಲ ದಿಕ್ಕನ್ನು ಒಮ್ಮೆ ಕಸಿದುಕೊಂಡೆ, ಇನ್ನೊಂದು ಬಡಗಲ ದಿಕ್ಕನ್ನು ಕೊಡುತ್ತೇನೆ. ಅಷ್ಟಕ್ಕೆ ಅಷ್ಟಾಯಿತು. ಇಷ್ಟು ಸುಲಭವಾಗಿ ಪುಣ್ಯವೂ ಗಂಡನ ಮಾತೂ ಕೂಡಿ ಬಂದದ್ದು ಅವಳಿಗೆ ಯಾಕೋ ಸರಿ ಕಾಣಲಿಲ್ಲ, ಆದರೆ ಔರಾದಿನ ಬಸ್ಸು ಬಂತು.

ಬಿಸಿಲಿಗೆ ಕಣ್ಣು ಎಳೆಯುತ್ತಿತ್ತು. ತೊಗರಿ ಕೊಯ್ದ ಹೊಲಗಳು ಎರಡೂ ಕಡೆ ಕಪ್ಪಗೆ, ಅಲೆ ಅಲೆಯಾಗಿ, ಆಕಾಶದ ತನಕ ಹೋಗಿದ್ದವು. ಇದೆಲ್ಲ ಒಂದು ಕಾಲಕ್ಕೆ ಬೆಂಕಿಯಾಗಿ ಹರಿದದ್ದು, ಆರಿ ಕಲ್ಲಾಗಿ, ಕಲ್ಲು ಕರಗಿ ಎರೆಯಾಯಿತು ಎಂದು ಚಾಚಾ ಹೊಲ ಅಳೆಯುತ್ತ ಹೇಳಿದ್ದರು. ಹಾಗಾದರೆ ಇದೂ ಅಂಥದೇ ನಡುಗಡ್ಡೆ. ಬಸ್ಸು ಮೆಲ್ಲಗೆ ತೂಗಿ ಜೊಂಪು ಹತ್ತಿಸಿತು. ಅವಳು ಕಪ್ಪು ಉಸುಕಿನ ಮೇಲೆ ಚಪ್ಪಲಿ ಬಿಟ್ಟು ನಿಂತಿದ್ದಳು, ಹೊಲದಲ್ಲಿ ಪೂಜೆಗೆ ನಿಂತ ಹಾಗೆ. ಆಚೆ ದಡದಿಂದ ಚಂದ್ರಭಾಗಾ ಬುಟ್ಟಿ ಹಿಡಿದು ಬರುತ್ತಿದ್ದಳು, ಎಷ್ಟು ನಡೆದರೂ ಹತ್ತಿರವಾಗುತ್ತಿರಲಿಲ್ಲ. ನಡುವೆ ಬೆಟ್ಟ ಒಲೆಯಂತೆ ಹೊಗೆ ಬಿಡುತ್ತಿತ್ತು. ಮೂರು ದಿನ ಇಕಡಿ, ಮೂರು ದಿನ ಆಕಡಿ ಎಂದು ಯಾರೋ ಎಣಿಸುತ್ತಿದ್ದರು, ಫಿರೋಜನೋ, ಸತ್ತ ಅತ್ತೆಯೋ. ಕಾಲಿನ ಕೆಳಗೆ ಉಸುಕು ಬೆಚ್ಚಗಿತ್ತು, ಅದರೊಳಗೆ ಯಾರೋ ಮಲಗಿದ್ದರು, ತುಳಿಯಬಾರದು. ಕಾಲೆತ್ತಿದಳು. ಎಲ್ಲಿ ಇಡಬೇಕೋ ತಿಳಿಯಲಿಲ್ಲ. “ಔರಾದ ಬಂತ್ರಿ, ಇಳೀರಿ” ಎಂದು ಕಂಡಕ್ಟರು ಸೀಟು ಬಡಿದ.

ಪಡಸಾಲೆಯಲ್ಲಿ ಭಾವ ದತ್ತಾತ್ರಿಯೂ ಮುಜೀಬೋದ್ದೀನ ಚಾಚಾನೂ ಕೂತಿದ್ದರು. ಚಾಚಾ ಮಕ್ಕಾಕ್ಕೆ ಹೋಗಿ ಬಂದವರಾದ್ದರಿಂದ ಪಾಸ್‌ಪೋರ್ಟಿನ ಕಾಗದ ಪತ್ರ ಅವರೇ ತುಂಬುವುದೆಂದಾಗಿತ್ತು. ಸುಜಾತಾ ಸೆರಗು ಹಣೆಯ ತನಕ ಎಳೆದುಕೊಂಡು ಇಬ್ಬರಿಗೂ ನಮಸ್ಕರಿಸಿದಳು.

“ಬಾ ಬೇಟಿ, ಕುಂದ್ರು” ಅಂದರು ಚಾಚಾ. “ಹೊಲ ಅಳದೀನಿ, ಮನಿ ಅಳದೀನಿ, ಸಮುದ್ರದಾಗಿನ ಗುಡ್ಡ ಅಳಿಯೋದೊಂದು ಬಾಕಿ ಇತ್ತು ನೋಡು. ನನ್ನ ನಸೀಬಿಗಿ ಅದೂ ಬಂತು.”

ದತ್ತಾತ್ರಿ ನಕ್ಕ. “ನಿಮ್ಮಕ್ಕ ಒಳಗಿದ್ದಾಳ. ಎಂಟು ದಿನ ಆತು, ಮೊಬೈಲ್‌ನ್ಯಾಗ ಕಡಲೇ ಕಡಲು. ಬಿಳೀ ಉಸುಕಂತ, ಉಸುಕಿನ ಮ್ಯಾಲ ಕುರ್ಚಿಯಂತ. ಕೂಳು ಕುದಸೋದೂ ಮರ್ತಾಳ.” ಹೇಳಬೇಕಾದ ಮಾತು ಬಾಯ ತುಂಬ ಇದ್ದದ್ದರಿಂದ ಆ ಮಾತು ಸುಜಾತಾಳ ಕಿವಿಯೊಳಗೆ ಇಳಿಯಲಿಲ್ಲ. ಪೇಢೆ ಅಲ್ಲೇ ಇಟ್ಟು ಒಳಗೆ ಹೋದಳು.

ಚಂದ್ರಭಾಗಾ ಗ್ಯಾಸಿನ ಕಟ್ಟೆ ಬಿಟ್ಟು ನೆಲದ ಮೇಲೆ ಒಲೆಯಿಟ್ಟುಕೊಂಡು ರೊಟ್ಟಿ ಬಡಿಯುತ್ತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಆರು ವರ್ಷಕ್ಕೆ ಇಷ್ಟೊಂದು ಬೆಳ್ಳಗಾಗುತ್ತದೆಯೆ ಎಂದು ಸುಜಾತಾ ಬಾಗಿಲಲ್ಲೇ ನಿಂತಳು. “ಬಸ್ಸಿನ್ಯಾಗ ಜಾಗ ಸಿಕ್ತೇನು?” ಎಂದು ಕೇಳಿದಳು ಚಂದ್ರಭಾಗಾ, ನಿನ್ನೆ ಹೋದವಳು ಇವತ್ತು ಬಂದಳೆಂಬಂತೆ.

“ಸಿಕ್ತ್ರಿ ಅಕ್ಕಾ.”

“ಪಾಲು ಮಾಡಿಟ್ಟೀನಿ. ನೋಡು.”

ಗೋಡೆಯ ಬುಡದಲ್ಲಿ ಎರಡು ಬಟ್ಟಲು. ಒಂದರಲ್ಲಿ ಅಕ್ಕಿ, ಒಂದರಲ್ಲಿ ಕರಿ ಎಳ್ಳು. ಬಿಳಿ ಉಸುಕಿನದು, ಕಪ್ಪು ಉಸುಕಿನದು. ಎರಡೂ ಬಟ್ಟಲು ಕಂಠದ ತನಕ ಸಮವಾಗಿ ತುಂಬಿದ್ದವು, ಒಂದು ಕಾಳು ಹೆಚ್ಚಿಲ್ಲ, ಒಂದು ಕಾಳು ಕಡಿಮೆಯಿಲ್ಲ. ಸುಜಾತಾ ಅಕ್ಕಿಯ ಬಟ್ಟಲನ್ನು ತನ್ನ ಕಡೆ ಎಳೆದುಕೊಂಡಳು. “ತೆಂಕಲದು ನನಗಿರ್ಲಿ ಅಕ್ಕಾ, ಬಡಗಲದು ನಿಮಗ.” ದಾರಿಯುದ್ದಕ್ಕೂ ಹೊತ್ತು ತಂದ ಮಾತು ಬಾಯಿಂದ ಇಳಿದು ಮೈ ಹಗುರಾಯಿತು.

“ಆಯ್ತು ಬಿಡು” ಅಂದಳು ಚಂದ್ರಭಾಗಾ. ಅವಳ ಕೈಯೊಳಗಿನ ರೊಟ್ಟಿ ನಡುವೆ ಹರಿಯಿತು.

ಊರೆಲ್ಲ ಹೇಳುವ ಮಾತು, ಚಂದ್ರಭಾಗಾಳ ರೊಟ್ಟಿ ಹರಿದದ್ದನ್ನು ಕಂಡವರಿಲ್ಲ ಎಂದು. ಸುಜಾತಾ ಹರಿದ ರೊಟ್ಟಿ ನೋಡಿದಳು, ಎಳ್ಳಿನ ಬಟ್ಟಲು ನೋಡಿದಳು. ಭಾವ ಹೇಳಿದ ಬಿಳಿ ಉಸುಕು, ಅದರ ಮೇಲಿನ ಕುರ್ಚಿ, ಈಗ ಎಲ್ಲಿಂದಲೋ ತೇಲಿ ಬಂತು. ಕಪ್ಪು ಮಣ್ಣಿನಲ್ಲೇ ಹುಟ್ಟಿ, ಕಪ್ಪು ಮಣ್ಣಿಗೆ ಕೂಸನ್ನು ಕೊಟ್ಟ ಹೆಂಗಸು ಎಂಟು ದಿನದಿಂದ ಬಿಳಿ ಉಸುಕಿನ ಮೇಲೆ ಸುಮ್ಮನೆ ಕೂರುವ ಕನಸು ಕಾಣುತ್ತಿದ್ದಾಳೆ. ಅವಳಿಗೇನು ಬೇಕೆಂದು ತಾನು ಬೀದರದಿಂದ ಇಲ್ಲಿಯ ತನಕ ಒಮ್ಮೆಯೂ ಕೇಳಿಕೊಳ್ಳಲಿಲ್ಲ. ತನ್ನ ಪಾಪ ತೊಳೆಯುವುದಕ್ಕೆ ಯಾವುದು ಬೇಕೋ ಅದನ್ನು ಲೆಕ್ಕ ಹಾಕಿಕೊಂಡು ಬಂದೆ, ಮತ್ತೊಮ್ಮೆ ಕಸಿದುಕೊಂಡೆ. ಅವಳಿಗೆ ನಾಚಿಕೆಯಾಯಿತು, ಫೋಟೋದಂಗಡಿಯಲ್ಲಿ ಆದದ್ದಕ್ಕಿಂತ, ಫಿರೋಜನ ಮುಂದೆ ಆದದ್ದಕ್ಕಿಂತ ಹೆಚ್ಚು.

“ಸರೀರಿ ಅಕ್ಕಾ, ನಾ ಬಡೀತೇನಿ” ಎಂದು ಹರಿದ ಹಿಟ್ಟನ್ನು ಕೈಗೆ ತೆಗೆದುಕೊಂಡು ಮತ್ತೆ ನಾದತೊಡಗಿದಳು. ಚಂದ್ರಭಾಗಾ ಹಂಚಿನ ಕಡೆ ಸರಿದಳು. ಸುಜಾತಾ ಹೊಸ ರೊಟ್ಟಿ ಬಡಿದು ಹಂಚಿಗೆ ಹಾಕಿದಳು.

“ಅಕ್ಕಾ, ನಿಮಗ ಯಾವ ಕಡಿ ಬೇಕಾಗಿತ್ರಿ?”

ಚಂದ್ರಭಾಗಾ ಬೆಂಕಿಯಿಂದ ಮುಖ ತಿರುಗಿಸಿ ಅವಳನ್ನು ನೋಡಿದಳು. ಕಣ್ಣು ಒದ್ದೆಯಾಗಿರಲಿಲ್ಲ, ಬಹಳ ದಣಿದಿದ್ದವು. “ಇಲ್ಲಿ ಬ್ಯಾಡ ತಂಗೀ. ಅಡಗಿಮನ್ಯಾಗ ಹಿಂದಕ್ಕೂ ಒಮ್ಮೆ ಕೇಳಿ ನೋಡೀನಿ. ನನಗ ಕೇಳೂದಿದ್ದರ ಹೊರಗ ಕೇಳು, ಅವರ ಮುಂದ.”

ಸುಜಾತಾ ಎದ್ದಳು. ಪಡಸಾಲೆಗೆ ಹತ್ತು ಹೆಜ್ಜೆ ಇರಬಹುದು. ಹಲಬರ್ಗಾದ ಬಾಗಿಲ ಮರೆ ದಾಟಿ ಬರಲು ಆರು ವರ್ಷ ಹಿಡಿಯಿತು ಎಂದು ಹೊಳೆಯಿತು. ಹೊಸ್ತಿಲು ದಾಟುವಾಗ ಸೆರಗು ಜಾರಿತು. ಎರಡೂ ಕೈಗೆ ಹಿಟ್ಟು ಮೆತ್ತಿತ್ತು, ಎಳೆದುಕೊಳ್ಳುವಂತಿರಲಿಲ್ಲ. ಬರಿ ತಲೆಯಲ್ಲೇ ಭಾವನ ಎದುರು ನಿಂತಳು. ದತ್ತಾತ್ರಿ ಗಾಬರಿಯಾಗಿ ಕಣ್ಣು ಕೆಳಗೆ ಮಾಡಿದ. ಫಿರೋಜನಿಗೆ ತಿಳಿಸಲು ಅವನ ಮೊಬೈಲು ಕೈಯಲ್ಲೇ ಇತ್ತು, ಗೋಡೆಯ ಗಡಿಯಾರದಲ್ಲಿ ನಾಲ್ಕೂವರೆ.

“ಭಾವಾ, ನಾ ಆರಸಂಗಿಲ್ರಿ. ಅಕ್ಕ ಆರಸ್ಲಿ.” ಚಾಚಾನ ಕಡೆ ತಿರುಗಿದಳು. “ಚಾಚಾ, ನೀವ ಸಾಕ್ಷಿ ಅವತ್ತೂ ಇದ್ರಿ, ಇವತ್ತೂ ಇರ್ರಿ. ಅವತ್ತ ಅಕ್ಕ ನನ್ನ ಕಡಿ ಬಡಗಲದು ಕೇಳಿದ್ರು, ಅಲ್ಲಿ ಅವರ ಕೂಸು ಅದ ಅಂತ. ನಾ ಆಯ್ತು ಅಂದು ಹೊರಗ ಬಂದು ಸುಮ್ಮ ನಿಂತೆ. ಬಾವಿ ಆಸೆ ನನಗೂ ಇತ್ತು. ನಮ್ಮವರಿಗಿ ಅಕ್ಕ ಕೇಳಿದ ಮಾತು ಗೊತ್ತಿಲ್ರಿ, ನಾ ಹೇಳಿಲ್ಲ. ಇವತ್ತ ಅಕ್ಕ ಮೊದಲು ಆರಸ್ಲಿ. ಆ ನಡುಗಡ್ಡಿನೂ, ಆ ಹೊಲಾನೂ. ನಮ್ಮವರಿಗಿ ನಾ ಹೇಳ್ತೇನಿ.”

ಹೇಗೆ ಹೇಳುತ್ತಾಳೋ ಅವಳಿಗೇ ಗೊತ್ತಿರಲಿಲ್ಲ. ಭಾಲ್ಕಿಯ ಸ್ಟ್ಯಾಂಡಿನಲ್ಲಿ ಅವನು ಕಾಯುತ್ತಿರುತ್ತಾನೆ, ಏನಾಯಿತು ಎಂದು ಕೇಳುತ್ತಾನೆ, ಕೇಳಿ ಎರಡು ಊರಿಗೆ ಕೇಳುವಷ್ಟು ಕೂಗುತ್ತಾನೆ. ದತ್ತಾತ್ರಿ ಏನೋ ಅನ್ನಲು ಬಾಯಿ ತೆರೆದ. ಚಾಚಾ ಅವನ ಮೊಣಕಾಲಿನ ಮೇಲೆ ಕೈಯಿಟ್ಟು ತಡೆದು, ಕಾಗದ ಬಿಡಿಸಿ, ಪೆನ್ನಿನ ಮುಚ್ಚಳ ತೆಗೆದರು. “ಹೇಳು ಚಂದ್ರಭಾಗಾ. ಬರಕೋತೇನಿ.”

ಚಂದ್ರಭಾಗಾ ಅಡಿಗೆಮನೆಯ ಹೊಸ್ತಿಲ ಮೇಲೆ ಬಂದು ನಿಂತಿದ್ದಳು. ಒಳಗೆ ಹಂಚಿನ ಮೇಲೆ ರೊಟ್ಟಿ ಸೀಯುವ ವಾಸನೆ ಬರುತ್ತಿತ್ತು, ಅವಳು ತಿರುಗಿ ನೋಡಲಿಲ್ಲ.

“ಅಲ್ಲಿ ತೆಂಕಲದು, ಮೂರು ದಿನ ಸಾಕು, ಉಳಿದ ಮೂರು ತಂಗಿಗಿ” ಅಂದಳು. “ಇಲ್ಲಿ ಹೊಲದಾಗ ಬಡಗಲದು. ಪೂರ್ತಿ.”